ಅಕ್ಕನ ಕಥೆಗೆ ಸಿಕ್ಕ ಅಂಕ

ಅಕ್ಕಾ,

ಎಂಎ ಆಯ್ತು, ಎರಡು ವರ್ಷದ ತರಬೇತಿಯೂ ಆಯ್ತು. ಇವತ್ತು ಕೊನೆಯ ಮೌಖಿಕ ಪರೀಕ್ಷೆಯೂ ಮುಗಿದು, ನಾನೀಗ ನೋಂದಾಯಿತ ಮನಶ್ಶಾಸ್ತ್ರಜ್ಞೆ.

"ಅಪಾಯದ ಸುಳಿವು ಸಿಕ್ಕರೂ ನೀವು ಕಡೆಗಣಿಸಿದ್ದುಂಟಾ?" ಅಂತ ಪರೀಕ್ಷಕಿ ಕೇಳಿದರು. ಯಾರೋ ಪರಿಚಯದವರು ಅಂತ ಹೇಳಿ ನಿನ್ನ ಕಥೆಯನ್ನೇ ಒಪ್ಪಿಸಿದೆ. ನಿದ್ದೆ ಬರ್ತಿಲ್ಲ ಅಂದದ್ದು, ಇಷ್ಟದ ವಸ್ತುಗಳನ್ನೆಲ್ಲ ಹಂಚಿಬಿಟ್ಟದ್ದು, ಆಮೇಲೆ ನನಗೆ ಫೋನ್ ಮಾಡಿದ್ದು.

"ಆಗ ನೀವೇನಂದಿರಿ?"

"ನಾಳೆ ಕೇಸ್ ವರದಿ ಕೊಡಬೇಕು, ಭಾನುವಾರ ಮಾತಾಡೋಣ ಅಂದೆ. ಭಾನುವಾರಕ್ಕೆ ಅವರಿರಲಿಲ್ಲ."

ಪರೀಕ್ಷಕಿ ತಲೆದೂಗಿದರು. ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರು ಅಪರೂಪ ಅಂತ ಹೊಗಳಿ, ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರು. ನಿನ್ನ ಸಾವಿನಿಂದಲೂ ನನಗೊಂದು ಪ್ರಯೋಜನವಾಯ್ತು ನೋಡು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅತ್ತಳು. "ಅವಳು ನಿನಗಾದರೂ ಒಂದು ಮಾತು ಹೇಳಬಾರದಿತ್ತಾ? ನೀನು ಕೇಳ್ತಿದ್ದೆ" ಅಂದಳು.

"ಹೂಂ ಅಮ್ಮಾ, ಕೇಳ್ತಿದ್ದೆ" ಅಂದೆ.