ಅದು ಬೈಗುಳವಲ್ಲ, ಸ್ವಾಮಿ

ಮನೆ ಮಾಲೀಕರಿಗೆ ಮಹಡಿಯ ಬಾಡಿಗೆದಾರನ ನಮಸ್ಕಾರಗಳು.

ಬಾಡಿಗೆ ಏರಿಸುವ ಮಾತಾಡಲೆಂದು ಭಾನುವಾರ ಬಂದ ತಾವು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿಹೋದಿರಿ. ಚಪ್ಪಲಿ ನಮ್ಮಲ್ಲೇ ಭದ್ರವಾಗಿದೆ. ನಾನು ಬೈದೆನೆಂದು ತಿಳಿದಿರಬೇಕು. ಖಂಡಿತ ಇಲ್ಲ. "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದಷ್ಟೇ ನಾನು ಹೇಳಿದ್ದು. ಊರಿಗೆಲ್ಲ ಗ್ಯಾಸ್ ತಳ್ಳುವ ಪಂಪಿಂಗ್ ಸ್ಟೇಷನ್ನಿನಲ್ಲಿ ಯಂತ್ರಗಳ ಪಕ್ಕ ನಿಂತು ಕೂಗಿ ಕೂಗಿ, ಈಗ ನನ್ನ ಪಿಸುಮಾತೂ ಪಕ್ಕದ ಬೀದಿಗೆ ಕೇಳಿಸುತ್ತದೆ.

ಗ್ಯಾಸ್ ಕಂಪನಿಯಲ್ಲಿ ಕೈತುಂಬ ಸಂಬಳ ಎಂದು ತಮಗೆ ಯಾರು ಹೇಳಿದರೋ ಕಾಣೆ. ಬಂದ ಸಂಬಳವನ್ನು ಹಾಲಿನವರು, ದಿನಸಿ ಅಂಗಡಿಯವರು, ಮಕ್ಕಳ ಶಾಲೆಯವರು ಆ ವಾರವೇ ಹಂಚಿಕೊಂಡುಬಿಡುತ್ತಾರೆ. ಮೊನ್ನೆ ನಮ್ಮ ಸಾಹೇಬರ ಕೋಣೆಗೆ ಹೋಗಿ, "ಸಾರ್, ಸಂಬಳ ಸ್ವಲ್ಪ ಜಾಸ್ತಿ ಮಾಡಿ" ಎಂದು ಮೆಲ್ಲಗೇ ಕೇಳಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ ಕಾವಲುಗಾರನನ್ನು ಕರೆದರು. ಅವನು ಬಂದು, "ಹೆದರ್ಬೇಡಿ ಸಾರ್, ಇವ್ರು ಇವತ್ತು ಮೆತ್ತಗೇ ಮಾತಾಡ್ತಿದಾರೆ" ಎಂದ. ಸಾಹೇಬರು ನಕ್ಕು ನೀರು ಕುಡಿದರು. ಸಂಬಳ ಇದ್ದಲ್ಲೇ ಇದೆ.

ಈ ಪತ್ರವನ್ನು ಬರೆಯಲೇಬೇಡಿ ಎಂದಳು ನನ್ನ ಹೆಂಡತಿ. "ಹೆದರ್ಕೊಂಡೇ ಇರ್ಲಿ ಬಿಡಿ, ಈ ವರ್ಷ ಬಾಡಿಗೆ ಏರಲ್ಲ" ಎಂಬುದು ಅವಳ ಲೆಕ್ಕಾಚಾರ. ಆದರೆ ಹಿರಿಯರೊಬ್ಬರು ನಮ್ಮ ಬಾಗಿಲಿಗೆ ಬಂದು ಬೆದರಿ ಹೋದರಲ್ಲ ಎಂದು ನನಗೆ ಊಟ ರುಚಿಸುತ್ತಿಲ್ಲ. ದಯವಿಟ್ಟು ಮತ್ತೆ ಬನ್ನಿ. ನಾನು ಬಾಯಿ ಬಿಡುವುದಿಲ್ಲ. ಬಾಡಿಗೆಯ ಮಾತನ್ನು ಅವಳೇ ಆಡುತ್ತಾಳೆ. ಅವಳ ದನಿ ಬಹಳ ಮೆದು.

ಆ ದನಿಯ ಮುಂದೆ ನಾನಂತೂ ಇದುವರೆಗೆ ಒಂದು ಸಲವೂ ಗೆದ್ದಿಲ್ಲ.

ತಮ್ಮ ವಿಶ್ವಾಸಿ,
ಮಹಡಿ ಮನೆಯ ಪಂಪ್ ಆಪರೇಟರ್