ಮನೆಯಲ್ಲಿ ಏನು ಉಣ್ಣುತ್ತೀಯ ಎಂದು ಕೇಳಿದವರಿಗೆ

ಕಾಲೇಜು ಪ್ರವೇಶ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು ಅಂಕ ಪಡೆದ ವಿದ್ಯಾರ್ಥಿಯನ್ನು ಅವನ ಮನೆಯ ಸಾರಿನ ಕಾರಣಕ್ಕೆ ತಾವು ಹೊರಗಿಟ್ಟಿದ್ದೀರಿ. ತಮ್ಮ ಪತ್ರದಲ್ಲಿ ಮಾತು ಹೀಗಿಲ್ಲ, ನಿಜ. "ಭೋಜನದ ಅನುಕೂಲವಿಲ್ಲದ್ದರಿಂದ ಸೇರಿಸಿಕೊಳ್ಳಲಾಗದ್ದಕ್ಕೆ ವಿಷಾದಿಸುತ್ತೇವೆ" ಎಂದು ಬಹಳ ಸಭ್ಯವಾಗಿದೆ. ಅಷ್ಟು ಸಭ್ಯವಾಗಿ ಬಾಗಿಲು ಹಾಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಅವನ ಹೆಸರು ಕೆಂಪಸಿದ್ದಯ್ಯ. ಕೊತ್ತತ್ತಿಯ ಆದಿಕರ್ನಾಟಕರ ಕೇರಿಯವನು. ತಂದೆಯಿಲ್ಲ. ತಾಯಿ ದೇವಿರಮ್ಮ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಾಕಿ, ಕಳೆ ಕಿತ್ತು ಓದಿಸಿದವಳು. ದಿನವೂ ಎರಡು ಹರಿದಾರಿ ನಡೆದು ಮಂಡ್ಯದ ಹೈಸ್ಕೂಲಿಗೆ ಬರುತ್ತಿದ್ದ. ಅಲ್ಲಿ ನಾನು ಅವನ ಲೆಕ್ಕದ ಮೇಷ್ಟ್ರು. ಜೂನ್ ತಿಂಗಳಲ್ಲಿ ಅವನನ್ನು ತಮ್ಮ ಕಚೇರಿಗೆ ಕರೆತಂದವನೂ ನಾನೇ. ತಾವು ಅಂಕಗಳನ್ನು ನೋಡಿ ಮೆಚ್ಚಿದಿರಿ. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದಿರಿ:

"ಹಾಸ್ಟೆಲಿನಲ್ಲಿ ಇರಬೇಕಾಗುತ್ತೆ. ಮನೇಲಿ ಏನಪ್ಪಾ ಊಟ ಮಾಡ್ತೀಯ?"

"ಮುದ್ದೆ, ಸೊಪ್ಪಿನ ಸಾರು ಸ್ವಾಮಿ. ಹಬ್ಬದಲ್ಲಿ ಬಾಡು."

"ಏನು ಬಾಡು?"

ಅವನು ಹೇಳಿದ. ಗುಮಾಸ್ತರು ನಕ್ಕರು. ತಾವು ನಗಲಿಲ್ಲ, ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟಿರಿ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದೆ. ಹೊರಗೆ ಬಂದ ಮೇಲೆ ಅವನು ಕೇಳಿದ, "ಸುಳ್ಳು ಯೋಳ್ಬೇಕಿತ್ತಾ ಸಾರ್?" ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ?

ಬೇರೆ ಕೊಠಡಿ ಹಿಡಿದು ತಾನೇ ಬೇಯಿಸಿಕೊಳ್ಳುತ್ತೇನೆಂದು ಬರೆದುಕೊಂಡ. ಹಾಸ್ಟೆಲು ಬಿಟ್ಟರೆ ಬಂಧುಗಳ ಮನೆಯಲ್ಲಿ ಮಾತ್ರ ಇರತಕ್ಕದ್ದೆಂದು ಉತ್ತರ ಬಂತು. ಇನ್ನು ಮುಂದೆ ಮಾಂಸ ಮುಟ್ಟುವುದಿಲ್ಲ ಎಂದು ಮುಚ್ಚಳಿಕೆ ಬರೆದು ಕಳುಹಿಸಿದ. ಬರೆದದ್ದಷ್ಟೇ ಅಲ್ಲ, ಮಾರಿಹಬ್ಬದ ದಿನ ತಾಯಿ ಬಡಿಸಿದ್ದನ್ನು ದೂಡಿ ಎದ್ದನಂತೆ. "ಯಾವ ದೊರೆ ನಿನ್ ತಟ್ಟೆ ನೋಡಕ್ ಬಂದವ್ನೆ? ಉಣ್ಲಾ!" ಎಂದು ದೇವಿರಮ್ಮ ಬೈದು, ಆಮೇಲೆ ತಾನೂ ಉಣ್ಣಲಿಲ್ಲವಂತೆ. ಮುಚ್ಚಳಿಕೆಗೆ ತಮ್ಮಿಂದ ಉತ್ತರವೇ ಬರಲಿಲ್ಲ.

ಮದ್ದೂರಿನ ನನ್ನ ಅಕ್ಕನ ಮಗ ಸಂಪತ್ ಕುಮಾರ ಅದೇ ವಾರ ತಮ್ಮಲ್ಲಿ ಸೇರಿದ. ಗಣಿತದಲ್ಲಿ ಮೂವತ್ತೆಂಟು. ತಾವು ಅವನ ಊಟ ವಿಚಾರಿಸಲಿಲ್ಲ. ಜುಟ್ಟು, ನಾಮ ಸಾಕಾದವು. ಪ್ರತಿ ಶನಿವಾರ ಅವನು ಮಾರ್ಕೆಟ್ಟಿನ ಹಿಂದಿನ ಮಿಲಿಟರಿ ಹೋಟೆಲಿನಲ್ಲಿ ಆಮ್ಲೆಟ್ಟು ತಿನ್ನುತ್ತಾನೆ, ನನಗೇ ಹೆಮ್ಮೆಯಿಂದ ಹೇಳಿದ್ದಾನೆ. ತಿನ್ನಲಿ, ಅವನ ಹೊಟ್ಟೆ ಅವನದು. ಆದರೆ ಯೋಗ್ಯತೆಯನ್ನು ತಟ್ಟೆಯಿಂದಲೇ ಅಳೆಯುವುದಾದರೆ ಎಲ್ಲರ ತಟ್ಟೆಗೂ ಒಂದೇ ಅಳತೆ ಬೇಡವೇ? ಅಥವಾ ಗುಟ್ಟಾಗಿ ತಿನ್ನುವುದೂ ಒಂದು ಯೋಗ್ಯತೆಯೇ?

ತಮ್ಮೊಬ್ಬರನ್ನೇ ದೂರಿ ಕೈ ತೊಳೆದುಕೊಳ್ಳುವ ಹಕ್ಕು ನನಗಿಲ್ಲ. ಎರಡು ವರ್ಷ ಅವನು ಪಾಠಕ್ಕೆ ನನ್ನ ಮನೆಗೆ ಬಂದ. ನನ್ನ ಹೆಂಡತಿ ಪಂಕಜಮ್ಮ ಜಗಲಿಯ ಕೆಳಗೆ ಎಲೆ ಹಾಕಿ ಮೇಲಿನಿಂದ ಬಡಿಸುತ್ತಿದ್ದಳು. ಉಂಡ ಎಲೆ ಎತ್ತಿ, ನೆಲಕ್ಕೆ ಸಗಣಿ ಬಳಿದು ಹೋಗುತ್ತಿದ್ದವನು ಅವನೇ. ನಾನು ಒಳಗೆ ಕುಳಿತು ಅವನ ಲೆಕ್ಕಗಳನ್ನು ತಿದ್ದುತ್ತಿದ್ದೆ. ಒಂದು ದಿನವೂ "ಒಳಗೆ ಬಾರೋ" ಎನ್ನಲಿಲ್ಲ.

ಈಗ ಅವನು ಕಬ್ಬು ಕಡಿಯುತ್ತಾನೆ. ಹೋದ ವಾರ ದಾರಿಯಲ್ಲಿ ಸಿಕ್ಕಿದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. "ಲೆಕ್ಕ ಮರ್ತೋಯ್ತಾ ಅದೆ ಸಾರ್" ಎಂದು ನಕ್ಕ. ಆ ನಗುವನ್ನು ತಾವು ನೋಡಬೇಕಾಗಿತ್ತು.

ಸೀಟು ಕೊಡಿ ಎಂದು ಕೇಳುವುದಿಲ್ಲ. ಅರ್ಧ ವರ್ಷ ಕಳೆದಿದೆ. ಆ ಪ್ರಶ್ನೆಯನ್ನು ಇನ್ನು ಯಾರಿಗೂ ಕೇಳಬೇಡಿ ಎಂದರೂ ಕೇಳುತ್ತೀರಿ, ಬಲ್ಲೆ. ನನ್ನ ಒತ್ತಾಯ ಒಂದೇ. ಅವನ ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟು ಜೂನ್‌ನಿಂದ ತಮ್ಮ ಕಚೇರಿಯಲ್ಲೇ ಬಿದ್ದಿದೆ. ನಾಲ್ಕು ಸಲ ಬರೆದದ್ದಾಯಿತು. ಅದಿಲ್ಲದೆ ಪ್ರೈಮರಿ ಸ್ಕೂಲಿನ ಕೆಲಸಕ್ಕೂ ಅವನು ಅರ್ಜಿ ಹಾಕುವಂತಿಲ್ಲ. "ಕಾಲೇಜು ಬ್ಯಾಡ ಬುದ್ದಿ, ಆ ಕಾಗ್ದನಾರ ಈಸ್ಕೊಡಿ" ಎಂದು ದೇವಿರಮ್ಮ ನನ್ನ ಜಗಲಿಯ ಕೆಳಗೆ ನಿಂತು ಕೇಳುತ್ತಾಳೆ.

ಅಂಚೆಗೆ ಹಾಕಿಸಿ. ನನ್ನ ವಿಳಾಸಕ್ಕೆ ಬೇಡ. ಕವರಿನ ಮೇಲೆ ಅವನ ಹೆಸರನ್ನೇ ಬರೆಸಿ.

ಇಂತಿ,
ಕಚೇರಿಯಲ್ಲಿ ಬಾಯಿ ಬಿಡದೆ ಪತ್ರಿಕೆಯಲ್ಲಿ ಮಾತಾಡುವ
ತಿರುನಾರಾಯಣ, ಲೆಕ್ಕದ ಮೇಷ್ಟ್ರು, ಮಂಡ್ಯ