ರೌಟರಿನೊಳಗಿನ ಪುಡಿ

ಅಣ್ಣಾ,

ಬಳಸಿ ನೋಡಲೆಂದು ನೀನು ಕಳಿಸಿದ ಮರಗೆಲಸದ ಕೈ ರೌಟರ್ ತಲುಪಿತು. "ಗಟ್ಟಿ ಮರದ ಅಂಚು ದುಂಡಗೆ ಮಾಡೋಕೆ ಇದೇ ಸಾಕು, ದೊಡ್ಡದು ನಿನ್ನ ಕೈಗೆ ಭಾರ" ಅಂದಿದ್ದೆ. ನನ್ನ ಕೈಯ ಚಿಂತೆ ನಿನಗೆ ಯಾವಾಗಿನಿಂದ ಎಂದು ಕೇಳುವುದಿಲ್ಲ. ತೇಗದ ಹಲಗೆಗೆ ಹಿಡಿದು ನೋಡಿದೆ. ಒಂದೇ ಸಲಕ್ಕೆ ಆಳ ಇಳಿಸಿದರೆ ಅಂಚು ಸುಟ್ಟು ಕಪ್ಪಾಗುತ್ತದೆ, ಸ್ವಲ್ಪ ಸ್ವಲ್ಪವೇ ಇಳಿಸಿದರೆ ನುಣ್ಣಗೆ ಬರುತ್ತದೆ. ನಾನೂ ಇಂಥದ್ದನ್ನೇ ಕೊಳ್ಳುತ್ತೇನೆ.

"ಪ್ಲೈವುಡ್ ಬಿಟ್ಟು ಬೇರೇನೂ ಮುಟ್ಟಿಸಿಲ್ಲ" ಅಂತಲೂ ಅಂದಿದ್ದೆಯಲ್ಲ? ಹೊರಗೆಲ್ಲ ಹೊಸದರಂತೆ ಒರೆಸಿದ್ದೀಯ. ಆದರೆ ಯಾವ ಯಂತ್ರವನ್ನೂ ಬಿಚ್ಚಿ ಊದದೆ ನಾನು ಚಾಲೂ ಮಾಡುವುದಿಲ್ಲ, ಅಪ್ಪ ಕಲಿಸಿದ್ದು. ಊದಿದಾಗ ಒಳಗಿಂದ ಕಡುನೇರಳೆ ಪುಡಿ ಉದುರಿತು. ಬೀಟೆ ಮರದ ವಾಸನೆ. ನಿನ್ನ ಅಂಗಡಿಗೆ ಬೀಟೆ ಎಂದೂ ಬಂದಿಲ್ಲ. ನಮ್ಮಲ್ಲಿದ್ದ ಬೀಟೆಯೆಂದರೆ ಅಪ್ಪನ ಮೇಜೊಂದೇ. ಅದನ್ನು ಗೆದ್ದಲು ತಿಂದಿತು, ಒಲೆಗೆ ಹಾಕಿದೆ ಎಂದು ನೀನೇ ಹೇಳಿದ್ದೆ.

ಒಲೆಗೆ ಹಾಕುವ ಮರಕ್ಕೆ ಯಾರೂ ಅಂಚು ದುಂಡಗೆ ಮಾಡುವುದಿಲ್ಲ.

ಭಾನುವಾರ ರೌಟರ್ ಹಿಂದಿರುಗಿಸಲು ಬರುತ್ತೇನೆ. ಊಟ ನಿಮ್ಮಲ್ಲೇ. ಅಪ್ಪನ ಮೇಜಿನ ಮೇಲೇ ಬಡಿಸಲು ಅತ್ತಿಗೆಗೆ ಹೇಳು.

ನಿನ್ನ ತಂಗಿ